ಗಾಳಿ ನಿಂತ ಚಿತ್ರ

ಮಗ ಶಶಿಕಿರಣನಿಗೆ ಹೆಣ್ಣು ನೋಡಿ ನೋಡಿ ಸರ್ವಮಂಗಳಮ್ಮನ ಚಪ್ಪಲಿ ಸವೆದು ಕಾಗದವಾಗಿತ್ತು. ಕಂಡಕಂಡ ಮನೆಗಳಲ್ಲಿ ತಿಂದ ಉಪ್ಪಿಟ್ಟನ್ನು ಗುಡ್ಡೆ ಹಾಕಿದ್ದರೆ ಸಾವನದುರ್ಗದ ಬೆಟ್ಟಕ್ಕೊಬ್ಬ ತಮ್ಮ ಹುಟ್ಟುತ್ತಿದ್ದ. ಕೊನೆಗೂ ಕನಕಪುರದ ಕವನ ಒಪ್ಪಿದಳು. ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಮಾಗಡಿಗೆ ಬಂದು ಗಂಡಿನ ಮನೆ ನೋಡುವುದೊಂದೇ. ಇದೂ ಕೈತಪ್ಪಿದರೆ ಮಗ ಸನ್ಯಾಸಿಯೇ ಸರಿ ಎಂದು ಆಕೆ ನೆಲವನ್ನು ಮುಖ ಕಾಣುವ ಹಾಗೆ ಉಜ್ಜಿದ್ದಳು.

ಬಂದವರಲ್ಲಿ ಕವನಳ ಅಜ್ಜಿ ಗೌರಮ್ಮಣ್ಣಿಯದೇ ದರ್ಬಾರು. ಅಡುಗೆಮನೆ, ಬಚ್ಚಲು, ನೀರಿನ ತೊಟ್ಟಿ ಎಲ್ಲ ಇಣುಕಿ, ನಡುಮನೆಯ ಗೋಡೆಯಲ್ಲಿದ್ದ ದೊಡ್ಡ ಚಿತ್ರದ ಮುಂದೆ ನಿಂತಳು. ನೂರೈವತ್ತು ವರ್ಷದ ಹಿಂದೆ ಯಾರೋ ಬಿಳಿಯ ಬರೆದ ಸಮುದ್ರ. ಯಜಮಾನ ಮಲ್ಲಿಕಾರ್ಜುನಯ್ಯನ ತಾತ ಬೆಂಗಳೂರಿನ ಬಂಗಲೆಯೊಂದರ ಹರಾಜಿನಲ್ಲಿ ತಂದದ್ದು. ಕನ್ನಡಿಯಂಥ ನೀರು, ಮೇಲೆ ನಾಲ್ಕಾರು ದೋಣಿ.

"ಇದೇನ್ ಸ್ವಾಮಿ, ಇವು ಅಲ್ಲಾಡದಂಗೆ ನಿಂತವೆ?"

ಮಲ್ಲಿಕಾರ್ಜುನಯ್ಯ ಎದೆಯುಬ್ಬಿಸಿ, "ಗಾಳಿ ನಿಂತೈತೆ ಅಮ್ಮಾವ್ರೇ. ನಮ್ ತಾತನ ಕಾಲದಿಂದ್ಲೂ ಹಂಗೇ ನಿಂತೈತೆ," ಎಂದ.

ಅಜ್ಜಿಯ ಮುಖ ಸುಣ್ಣವಾಯಿತು. ಕಾಫಿ ಲೋಟ ಕಿಟಕಿಯಲ್ಲಿಟ್ಟು, ಹಣೆಯ ವಿಭೂತಿ ಮುಟ್ಟಿಕೊಂಡು, "ಏಳ್ರೋ, ಬಸ್ಸಿಗೆ ಒತ್ತಾಯ್ತು," ಎನ್ನುತ್ತಾ ಹೊರಗೋಡಿದಳು. ಎಂಬತ್ತರ ಮುದುಕಿಯ ಆ ಓಟ ಕಂಡು ಅಂಗಳದಲ್ಲಿ ಮಲಗಿದ್ದ ಬೀದಿನಾಯಿಗಳೇ ದಾರಿ ಬಿಟ್ಟವು.

ಸರ್ವಮಂಗಳಮ್ಮ ಹಿಂದೆಯೇ ಓಡಿ ಗೇಟಿಗೆ ಅಡ್ಡ ನಿಂತಳು. "ಯಾಕ್ ಅಮ್ಮಾವ್ರೇ? ನಮ್ಮಿಂದೇನ್ ತಪ್ಪಾಯ್ತು?"

"ಗಾಳಿ ನಿಂತಿರೋ ಮನೆಗೆ ನಮ್ ಮಗೀನ ತಳ್ಳಾಕಾಯ್ತದೇನವ್ವಾ? ತಾತನ ಕಾಲದಿಂದ ದೆವ್ವ ಸಾಕ್ಕೊಂಡು, ಅದನ್ನ ನಗ್‌ನಗ್ತಾ ಬೇರೆ ಯೋಳ್ತಾರಲ್ಲ ನಿಮ್ ಯಜಮಾನ್ರು!"

ಸರ್ವಮಂಗಳಮ್ಮನಿಗೆ ಆಗ ಹೊಳೆಯಿತು. ಅಳಬೇಕೋ ನಗಬೇಕೋ ತಿಳಿಯದೆ ಒಳಗೋಡಿ, ಮೊಳೆಯಿಂದ ಚಿತ್ರ ಕಿತ್ತು ಬಿಸಿಲಿಗೆ ತಂದು ಹಿಡಿದಳು.

"ದೆವ್ವ ಅಲ್ಲ ಅಮ್ಮಾವ್ರೇ, ಬೀಸೋ ಗಾಳಿ! ಬೀಸೋದು ನಿಂತೋಗೈತೆ. ನೋಡಿ, ದೋಣಿಗೆ ಕಟ್ಟಿರೋ ಬಟ್ಟೆ ಎಂಗೆ ಜೋತು ಬಿದ್ದೈತೆ."

ಅಜ್ಜಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಹಾಯಿಗಳು ಹಗ್ಗದ ಮೇಲೆ ಒಣಹಾಕಿದ ಪಂಚೆಯಂತೆ ಇಳಿಬಿದ್ದಿದ್ದವು. ದೋಣಿಯೊಳಗೊಬ್ಬ ಕೈಕಟ್ಟಿ ಕೂತಿದ್ದ.

"ಅಯ್ಯೋ ಶಿವ್ನೇ, ಪಾಪ, ಬಸ್ ಬರ್ದೆ ಕೂತೋನಂಗೆ ಕೂತವ್ನಲ್ಲ ಇವ್ನು!" ಎಂದು ಬೊಚ್ಚುಬಾಯಿ ತೆರೆದು ನಕ್ಕಳು.

ಆ ನಗುವಿಗೆ, ರಾಮನಗರದ ಬಂಡೆಗಳೆಲ್ಲ ಒಟ್ಟಿಗೆ ಎದೆಯಿಂದ ಇಳಿದಂತಾಯಿತು ಸರ್ವಮಂಗಳಮ್ಮನಿಗೆ.

ಮತ್ತೆ ಒಳಗೆ ಬಂದು ಕೂತ ಅಜ್ಜಿ ಸೆರಗಿನಿಂದ ಬೆವರೊರೆಸಿಕೊಂಡು, "ಬಿಸಿ ಕಾಫಿ ತತ್ತಾರವ್ವ. ಒಸಿ ಫ್ಯಾನೂ ಹಾಕು. ಲಗ್ನದ ಮಾತಾಡನ," ಎಂದಳು.

ಫ್ಯಾನು ತಿರುಗಿತು. ಮಲ್ಲಿಕಾರ್ಜುನಯ್ಯನಿಗೆ ಮತ್ತೆ ಹುರುಪು ಬಂತು. "ಈಗ ನೋಡಿ ಅಮ್ಮಾವ್ರೇ, ನಮ್ ಮನೇಲೂ ಗಾ—"

ತೆರೆದ ಆ ಬಾಯಿಗೆ ಸರ್ವಮಂಗಳಮ್ಮ ಇಡೀ ರವೆಉಂಡೆಯೊಂದನ್ನು ತುರುಕಿದಳು.