ಬಿದ್ದುಹೋದ ‘ರು’

ನಮ್ಮ ಪಕ್ಷದ ಸಂಜೆ ಪತ್ರಿಕೆಯನ್ನು ಸದಸ್ಯರು ಸುದ್ದಿಗಾಗಿ ಓದುತ್ತಾರೆ ಎಂದುಕೊಂಡವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಅವರು ನೋಡುವುದು ಕ್ರಿಯಾಪದದ ಬಾಲ. ಮುಖಂಡರು ‘ಹೇಳಿದರು’ ಎಂದಿದ್ದರೆ ಕ್ಷೇಮ; ‘ಹೇಳಿದ’ ಎಂದಾದರೆ ಕಥೆ ಮುಗಿಯಿತು. ಹೋದ ವರ್ಷ ಯುವ ಘಟಕದ ಅಧ್ಯಕ್ಷರ ‘ರು’ ಬಿತ್ತು. ಪತ್ರಿಕೆ ಹೊರಬಂದ ಗಂಟೆಯೊಳಗೆ ಅವರ ಮನೆಗೆ ಬೀಗವೂ ಬಿತ್ತು. ಅವರನ್ನು ಒಯ್ದ ಜೀಪು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಹದಿನೆಂಟು ವರ್ಷದಿಂದ ಇಲ್ಲಿ ಪ್ರೂಫ್ ನೋಡುವವಳು ನಾನು. ಮೊನ್ನೆ ಮಧ್ಯಾಹ್ನ ಮೂರನೇ ಪುಟ ಮೇಜಿಗೆ ಬಂತು. ಕೊನೆಯ ಸಾಲು: ‘ಎಂದು ಜಿಲ್ಲಾ ಕಾರ್ಯದರ್ಶಿ ಹೇಳಿದ.’ ಜಿಲ್ಲಾ ಕಾರ್ಯದರ್ಶಿ ನನ್ನ ಒಡಹುಟ್ಟಿದ ಅಣ್ಣ.

ಕೈತಪ್ಪೋ, ಮೇಲಿನವರ ಅಪ್ಪಣೆಯೋ? ಕೈತಪ್ಪಾಗಿದ್ದು ಹಾಗೇ ಬಿಟ್ಟರೆ ಅಣ್ಣನನ್ನು ನಾನೇ ಜೀಪು ಹತ್ತಿಸಿದಂತೆ. ಅಪ್ಪಣೆಯಾಗಿದ್ದು ತಿದ್ದಿದರೆ ಜೀಪು ನನಗೂ. ಅತ್ತ ದರಿ, ಇತ್ತ ಪುಲಿ. ಟೈಪು ಮಾಡುವವನನ್ನು ಕೇಳಿದರೆ, ಬಂದದ್ದನ್ನು ಹೊಡೆದೆ ಎಂದ, ತಲೆ ಎತ್ತದೆ. ಮೂಲಪ್ರತಿ ಸಂಪಾದಕರ ಬಳಿ ಇತ್ತು. ಅವರಿಗೆ, ಒಂದಕ್ಷರ ಬಿದ್ದ ಹಾಗಿದೆ ಎಂದೆ.

“ಅದು ನಿಮ್ಮ ಕೆಲಸ ಅಲ್ವೇನಮ್ಮಾ? ನನ್ನನ್ಯಾಕೆ ಕೇಳ್ತೀರಿ?”

ಹಾಳಾದ ಮನುಷ್ಯ, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸಿಟ್ಟು ನೆತ್ತಿಗೇರಿತು. ನನಗೆ ಅಕ್ಷರ ತಿದ್ದಿಸಿದವನೇ ಅಣ್ಣ. ಕಾಗುಣಿತ ತಪ್ಪಿದರೆ ಕಿವಿ ಹಿಂಡುತ್ತಿದ್ದ. ಅವನನ್ನು ಏಕವಚನದಲ್ಲಿ ಕರೆಯುವ ಹಕ್ಕು ನನ್ನದು, ಪಕ್ಷದ್ದಲ್ಲ. ಕೆಂಪು ಪೆನ್ನಿನಲ್ಲಿ ‘ರು’ ಸೇರಿಸಿ ಸಹಿ ಹಾಕಿದೆ.

ಸಂಜೆ ಅಣ್ಣ ಫೋನ್ ಮಾಡಿದ. ಏನೇನೋ ಗುಸುಗುಸು ಕೇಳಿ ಹೆದರಿದ್ದನಂತೆ. ಪತ್ರಿಕೆ ನೋಡಿದ ಮೇಲೆ ಹೋದ ಜೀವ ಬಂತೆಂದು ನಕ್ಕ. ನಾನೂ ನಕ್ಕೆ.

ಮರುದಿನ ಮೂರೂವರೆಗೆ ಮೊದಲ ಪುಟದ ಪ್ರೂಫ್ ಬಂತು. ಮೂಲೆಯಲ್ಲೊಂದು ತಿದ್ದುಪಡಿ: ‘ನಿನ್ನೆಯ ಮೂರನೇ ಪುಟದಲ್ಲಿ “ಹೇಳಿದರು” ಎಂಬುದನ್ನು “ಹೇಳಿದ” ಎಂದು ಓದಿಕೊಳ್ಳಬೇಕು. ಪ್ರೂಫ್ ನೋಡಿದವಳು ತಪ್ಪೊಪ್ಪಿಕೊಂಡಿದ್ದಾಳೆ.’

ನಾನಿನ್ನೂ ಬಾಯಿಯೇ ಬಿಟ್ಟಿರಲಿಲ್ಲ. ಎದ್ದು ಕಾರಿಡಾರಿಗೆ ಹೋಗಿ ಫೋನ್ ಹಚ್ಚಿದೆ.

“ಅಣ್ಣಾ, ಏನೂ ಕೇಳ್ಬೇಡ. ನಾಲ್ಕೂವರೆ ಬಸ್ಸು ಹತ್ತು.”

ಮರಳಿದಾಗ ಸಂಪಾದಕರು ನನ್ನ ಮೇಜಿನ ಬಳಿ ನಿಂತಿದ್ದರು. “ಬೇಗ ಸಹಿ ಹಾಕು.”

ನಿನ್ನೆಯ ‘ನೀವು’ ಇವತ್ತು ‘ನೀನು’ ಆಗಿತ್ತು. ಆಗಲಿ. ನನ್ನ ಸಹಿಯಿಲ್ಲದೆ ಪುಟ ಅಚ್ಚಿಗೆ ಹೋಗುವುದಿಲ್ಲ. ಆ ನಿಯಮ ಮಾಡಿದವರು ಇವರೇ.

“ಓದದೆ ಯಾವತ್ತೂ ಹಾಕಿಲ್ಲ, ಸಾರ್.”

ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಪೆನ್ನಿನ ತುದಿಯನ್ನು ಪುಟದ ಮೊದಲ ಅಕ್ಷರದ ಕೆಳಗಿಟ್ಟು, ಒಂದೊಂದೇ ಅಕ್ಷರ ಓದತೊಡಗಿದೆ.