ಕೆಂಪಾದ ಪಟ್ಟಿ

"ಹಗ್ಗ ಬಿಡು ಲೇ ಯುನುಸ! ಬಿಡ್ತಿಯೋ, ಕೈ ಮುರೀಲೋ?"

ಲಕ್ಕವ್ವನ ಕೂಗಿಗೆ ಜೈನಾಪುರದ ಆ ಓಣಿಯೇ ಹೊರಗೆ ಬಂತು. ಟಿಕೋಟಾದಿಂದ ಟೆಂಪೊ ತಂದಿದ್ದ ದನದ ದಲಾಲ ಯುನುಸ ಎಮ್ಮೆಯ ಹಗ್ಗ ಬಿಟ್ಟು ಹಿಂದೆ ಸರಿದ.

"ನನ್ನ ಮ್ಯಾಲ ಯಾಕ ಹರಿಹಾಯ್ತೀ ಯವ್ವಾ? ನಿನ್ನ ಗಂಡನೇ ಫೋನ್ ಮಾಡಿ ಕರಿಸ್ಯಾನ."

ಗಂಡ ಬಸಲಿಂಗಯ್ಯ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಡೇರಿಯವರು ಎರಡ ಸಲ ಹಾಲ ತಿರುಗಿ ಕಳಿಸ್ಯಾರ. ಕೆಚ್ಚಲ ಕೆಟ್ಟ ಎಮ್ಮಿ ಇಟಗೊಂಡು ಪೂಜಿ ಮಾಡ್ತೀಯೇನು?"

ವಿಜಯಪುರದ ಕಾಲೇಜಿನ ನೇತ್ರಾ ಹೊಸದಾಗಿ ಡೇರಿಗೆ ತಂದಿದ್ದ ಕಾಗದದ ಪಟ್ಟಿಯಿಂದ ಶುರುವಾದದ್ದು ಇದೆಲ್ಲ. ಬೆರಳಗಲದ ಆ ಪಟ್ಟಿಗೆ ಒಂದು ಹನಿ ಹಾಲು ಬಿಟ್ಟರೆ, ಕೊಳಕು ನೀರಿನ ಕ್ರಿಮಿ ಇದ್ದರೆ ಚಹಾ ಕುದಿಯುವಷ್ಟರಲ್ಲಿ ಕೆಂಪಾಗುತ್ತಿತ್ತು, ಇಲ್ಲದಿದ್ದರೆ ಬೆಳ್ಳಗೇ ಇರುತ್ತಿತ್ತು. ಮೊದಲು ಹಾಲು ಲ್ಯಾಬಿಗೆ ಹೋಗಿ ಫಲಿತಾಂಶ ಬರುವಷ್ಟರಲ್ಲಿ ಕುಡಿದವರ ಹೊಟ್ಟೆ ಸೇರಿರುತ್ತಿತ್ತು. ಈಗ ಬಸ್ಸಿನ ಟಿಕೀಟಿಗಿಂತ ಅಗ್ಗದ ಕಾಗದ ಬಾಗಿಲಲ್ಲೇ ಹೇಳಿಬಿಡುತ್ತಿತ್ತು. ಲಕ್ಕವ್ವನ ಹಾಲಿಗೆ ಎರಡು ಸಲವೂ ಕೆಂಪು.

"ಕೂಡು, ಚಹಾ ಕುಡಿ," ಎಂದಳು ಲಕ್ಕವ್ವ ಯುನುಸನಿಗೆ. "ಆ ಹುಡುಗೀನ ಕರಕೊಂಡ ಬರ್ತೇನಿ. ನನ್ನ ಚಂದ್ರಿಯ ಕೆಚ್ಚಲ ಕೆಟ್ಟಿದ್ರ ಹೊಡಕೊಂಡ ಹೋಗು, ತಡಿಯೂದಿಲ್ಲ."

ನೇತ್ರಾ ಹೆದರುವ ಹುಡುಗಿಯಲ್ಲ. ಪಟ್ಟಿಗಳ ಡಬ್ಬಿ ಹಿಡಿದು ಬಂದವಳೇ, "ಎಮ್ಮಿಗೆ ಜಡ್ಡ ಅಂತ ನಾ ಯಾವಾಗ ಅಂದೇನ್ರಿ? ಹಾಲಿನ್ಯಾಗ ಕ್ರಿಮಿ ಅದಾವ ಅಂದೆ, ಅಷ್ಟ," ಎಂದು ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತಳು. ಒಂದೊಂದು ಮೊಲೆಯಿಂದ ಒಂದೊಂದು ಹನಿ. ನಾಲ್ಕೂ ಪಟ್ಟಿ ಬೆಳ್ಳಗೇ ಉಳಿದವು.

"ನೋಡ್ರೆಪಾ!" ಲಕ್ಕವ್ವ ಓಣಿಯತ್ತ ತಿರುಗಿದಳು. "ಯಾರ್‍ಯಾರ ನಾಲಿಗಿ ಉದ್ದಾಗಿತ್ತೋ, ಮುಂದ ಬರ್ರಿ!"

"ತಡೀರಿ," ಎಂದಳು ನೇತ್ರಾ. "ಹಂಗಾರ ಡೇರಿಗೆ ಬರೂದ್ರಾಗ ಯಾಕ ಕೆಡತೈತಿ? ದಿನಾ ಹೆಂಗ ಹಿಂಡಿ ತರ್ತೀರೋ, ಹಂಗ ಮಾಡಿ ತೋರಸ್ರಿ. ಒಂದೂ ಬಿಡಬ್ಯಾಡ್ರಿ."

ಲಕ್ಕವ್ವ ಬಿಸಿನೀರಲ್ಲಿ ಪಾತ್ರೆ ತೊಳೆದಳು, ಕೈ ತೊಳೆದಳು, ಕೆಚ್ಚಲು ಒರೆಸಿ ಹಿಂಡಿದಳು. ನೇತ್ರಾ ತಪ್ಪು ಹುಡುಕಿದಳು, ಸಿಗಲಿಲ್ಲ. ಲಕ್ಕವ್ವ ಪಾತ್ರೆ ಎತ್ತಿ ಹೊರಟಳು. ಬಚ್ಚಲ ಮೋರಿಯ ಹತ್ತಿರ ಬಂದಾಗ ಅವಳ ಕೈ ತಾನೇ ಕೆಳಗೆ ಬಾಗಿತು. ಎರಡೆಳೆ ಗರಿಕೆ ಕಿತ್ತು ಹಾಲಿಗೆ ಹಾಕಿ ಮುನ್ನಡೆದಳು.

"ಅದೇನ್ರಿ?"

"ದೃಷ್ಟಿ ಆಗಬಾರ್ದಂತ. ಬಿಳೇ ಹಾಲು ಬರೇ ಹಂಗ ಓಣ್ಯಾಗ ಒಯ್ತಾರೇನು?"

ನೇತ್ರಾ ನಗಲಿಲ್ಲ. ಪಾತ್ರೆಯನ್ನು ಕಟ್ಟೆಯ ಮೇಲಿಡಿಸಿ ಡೇರಿಗೆ ನಡೆಯುವಷ್ಟು ಹೊತ್ತು ಕಾದಳು. ಆಮೇಲೆ ಪಟ್ಟಿಗೆ ಒಂದು ಹನಿ ಬಿಟ್ಟಳು. ಯುನುಸನ ಎರಡನೇ ಚಹಾ ಮುಗಿಯುವ ಮುಂಚೆಯೇ ಪಟ್ಟಿಯ ತುದಿ ಕೆಂಪಾಯಿತು.

ಓಣಿಯ ಕಣ್ಣುಗಳೆಲ್ಲ ಮೋರಿಯ ಗರಿಕೆಯತ್ತ ತಿರುಗಿದವು. ಬಸಲಿಂಗಯ್ಯನಿಗೆ ಬಾಯಿ ಬಂತು. "ಎಮ್ಮಿ ಬಿಟ್ಟು ನಿನ್ನನ್ನ ಟೆಂಪೋದಾಗ ಹಾಕಿ ಕಳಸಬೇಕಿತ್ತು!"

"ಸುಮ್ಕಿರು! ಆ ಮೋರಿಗೆ ದಿನಾ ಎಲಿ ಅಡಿಕಿ ಉಗಳಾಂವ ಯಾರು?"

ಯುನುಸ ಹೊಟ್ಟೆ ಹಿಡಿದುಕೊಂಡು ನಕ್ಕ. ಲಕ್ಕವ್ವನಿಗೆ ನಗು ಬರಲಿಲ್ಲ. ತಾನೇ ಹಿಂಡಿದ ಹಾಲನ್ನು ಮೋರಿಗೆ ಸುರಿದು, ಕೊಟ್ಟಿಗೆಗೆ ಹೋಗಿ, ಎಮ್ಮೆಯ ಹಣೆ ಸವರಿದಳು.

"ನಾಳೆ ಮೊದಲ ನನ್ನ ಹಾಲ ನೋಡು," ಎಂದಳು ನೇತ್ರಾಗೆ, ತಿರುಗಿ ನೋಡದೆ. "ಎಲ್ಲಾರ ಮುಂದ."

ಮರುದಿನ ಬೆಳಿಗ್ಗೆ ಪಾತ್ರೆಯ ಬಾಯಿಗೆ ಮುಚ್ಚಳ ಬಿಗಿಯಾಗಿತ್ತು. ಗರಿಕೆ ಪಾತ್ರೆಯ ಹೊರಗೆ, ಹಿಡಿಕೆಗೆ ಕಟ್ಟಿತ್ತು. ಲಕ್ಕವ್ವ ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಚಂದ್ರಿ ಕತ್ತು ಚಾಚಿ, ನಾಲಿಗೆ ಸುತ್ತಿ, ಅದನ್ನು ಎಳೆದುಕೊಂಡು ಮೆಲ್ಲತೊಡಗಿತು. ಲಕ್ಕವ್ವ ಬೈಯಲಿಲ್ಲ. ಮೋರಿಯ ಕಡೆ ಬಿಟ್ಟು, ಬೇಲಿಯ ಒಣ ಮಗ್ಗುಲಿಗೆ ಹೋಗಿ ಇನ್ನೆರಡೆಳೆ ಕಿತ್ತಳು.