ಮೊದಲ ಮೇಜಿನ ತನುಜ

ಚಿಂತಾಮಣಿಯ ತನ್ನ ಮನೆಯ ಮಹಡಿಯಲ್ಲಿ ನಾಹಿದ್ ಶನಿವಾರಗಳಂದು ಶುಭಾಶಯದ ಕಾರ್ಡು ಮಾಡುವುದನ್ನು ಕಲಿಸುತ್ತಿದ್ದಳು. ಅಲ್ಲಿ ಮೂರು ಮೇಜುಗಳಿದ್ದವು. ಹೊಸಬರು ಮೊದಲ ಮೇಜಿನಲ್ಲಿ ಕೂತು ಒಂದೇ ರಬ್ಬರ್ ಅಚ್ಚನ್ನು ಇಂಕಿಗೆ ಒತ್ತಿ ಕಾಗದದ ಮೇಲೆ ನೇರವಾಗಿ ಮೂಡಿಸಲು ಕಲಿಯುತ್ತಿದ್ದರು. ಎರಡನೆಯದರಲ್ಲಿ ಎರಡು ಮೂರು ಬಣ್ಣ, ಒಂದು ಎಲೆಯ ಹಿಂದೆ ಇನ್ನೊಂದು ಎಲೆ. ಮೂರನೆಯದರಲ್ಲಿ ಹಸಿ ಇಂಕಿನ ಮೇಲೆ ಪುಡಿ ಉದುರಿಸಿ, ಬಿಸಿಗಾಳಿಯ ಯಂತ್ರ ಹಿಡಿದು ಅಕ್ಷರಗಳನ್ನು ಉಬ್ಬಿಸುವ ಕೆಲಸ. ಅದು ಕೈಗೆ ಬಂದರೆ ಕಲಿಕೆ ಮುಗಿದ ಹಾಗೆ.

ಕೆಂಚಾರ್ಲಹಳ್ಳಿಯ ತನುಜ ಆರು ವಾರವಾದರೂ ಮೊದಲ ಮೇಜು ಬಿಟ್ಟಿರಲಿಲ್ಲ. ಅವಳ ಗಂಡ ಮುರಳಿಮೋಹನನದು ಊರಿನಲ್ಲಿ ಫ್ಯಾನ್ಸಿ ಸ್ಟೋರ್. ಹೆಂಡತಿ ಮನೆಯಲ್ಲೇ ಕೂತು ಕಾರ್ಡು ಮಾಡಿದರೆ ಅಂಗಡಿಯಲ್ಲಿ ಇಡಬಹುದೆಂದು ಅವನೇ ಬೈಕಿನಲ್ಲಿ ಕರೆತರುತ್ತಿದ್ದ. ಹನ್ನೊಂದರಿಂದ ಒಂದರ ತನಕ ಎದುರಿನ ಟೀ ಅಂಗಡಿಯಲ್ಲಿ ಕಾದು, ಮತ್ತೆ ಕರೆದೊಯ್ಯುತ್ತಿದ್ದ. ಅವಳ ಫೋನು ಅವನ ಜೇಬಿನಲ್ಲೇ ಇರುತ್ತಿತ್ತು.

ಒಂದು ದಿನ ಕಸದ ಬುಟ್ಟಿ ಖಾಲಿ ಮಾಡುವಾಗ ತನುಜ ಕೆಡಿಸಿ ಎಸೆದ ಕಾರ್ಡುಗಳು ನಾಹಿದಳ ಕಣ್ಣಿಗೆ ಬಿದ್ದವು. ಹೂವು ಒಂದಿಷ್ಟೂ ಓರೆಯಾಗದೆ ಮೂಡಿತ್ತು. ಅದರ ಮೇಲೆ, ಇಂಕು ಹಸಿಯಿರುವಾಗಲೇ, ಬೇಕೆಂದು ಹೆಬ್ಬೆರಳು ಎಳೆದ ಗುರುತಿತ್ತು. ಎಲ್ಲ ಕಾರ್ಡುಗಳಲ್ಲೂ ಹಾಗೆಯೇ.

ಮುಂದಿನ ವಾರ ನಾಹಿದ್ ಅಚ್ಚು ತೊಳೆಯುವ ನೆಪದಲ್ಲಿ ಅವಳನ್ನು ಬಚ್ಚಲಿಗೆ ಕರೆದು, ಯಾಕೆ ಕೆಡಿಸುತ್ತೀಯ ಎಂದು ಕೇಳಿದಳು. ತನುಜ ನಲ್ಲಿಯನ್ನು ಜೋರಾಗಿ ಬಿಟ್ಟು ದನಿ ತಗ್ಗಿಸಿದಳು.

“ಕಲ್ತ್‌ಬಿಟ್ರೆ ಇಲ್ಲಿಗೆ ಬರೋದು ನಿಲ್ಲಿಸ್ತಾರೆ ಅಕ್ಕ. ವಾರದಲ್ಲಿ ಈ ಎರಡು ಗಂಟೆ ಮಾತ್ರ ನಂಗೆ ಭಯ ಇಲ್ದೆ ಇರೋದು.”

ಅವಳು ರವಿಕೆಯ ತೋಳು ಸರಿಸಿ ಬಾಸುಂಡೆಗಳನ್ನು ತೋರಿಸಿದಳು. ಪೊಲೀಸರಿಗೆ ಹೇಳೋಣವೇ ಎಂದು ನಾಹಿದ್ ಕೇಳಿದರೆ ತನುಜ ಬೇಡವೆಂದು ಅವಳ ಕೈ ಹಿಡಿದುಕೊಂಡಳು. ಗೌರಿಬಿದನೂರಿನಲ್ಲಿ ಅಕ್ಕ ರೂಪ ಇದ್ದಾಳೆ, ಅವಳ ನಂಬರು ಬಾಯಿಪಾಠವಿದೆ ಎಂದಳು. ಬರುವ ವಾರ ಏನಾದರೂ ಮಾಡೋಣ ಎಂದು ಹೇಳಿ ನಾಹಿದ್ ಅವಳನ್ನು ಕಳಿಸಿದಳು.

ಮುಂದಿನ ಶನಿವಾರ ಮುರಳಿಮೋಹನ್ ತಾನೂ ಮೆಟ್ಟಿಲು ಹತ್ತಿ ಬಂದ. ಎರಡು ತಿಂಗಳಾದರೂ ಬಾರದ ವಿದ್ಯೆ ಯಾವುದೆಂದು ನಗುತ್ತಲೇ ಕೇಳಿದ. ಇನ್ನೂ ಕೈ ಕೂತಿಲ್ಲ ಎಂದು ನಾಹಿದ್ ಸುಳ್ಳು ಹೇಳಿದಳು.

“ನನ್ ಮುಂದೆ ಒಂದು ಮಾಡ್ಲಿ, ನೋಡ್ತೀನಿ.”

ಅವನು ತನುಜಳ ಕುರ್ಚಿಯ ಬೆನ್ನು ಹಿಡಿದು ನಿಂತ. ಉಳಿದ ಹೆಂಗಸರು ಕೆಲಸ ನಿಲ್ಲಿಸಿದರು. ಕೆಡಿಸುವುದಕ್ಕೂ ಒಂದಿಷ್ಟು ಧೈರ್ಯ ಬೇಕು. ಅದು ಆ ಹೊತ್ತಿಗೆ ಅವಳಲ್ಲಿ ಉಳಿದಿರಲಿಲ್ಲ. ಹೆದರಿದ ಕೈ ತನಗೆ ಗೊತ್ತಿದ್ದುದನ್ನೇ ಮಾಡಿತು. ಅಚ್ಚು ಎತ್ತಿದಾಗ ಕಾಗದದ ನಟ್ಟನಡುವೆ ಹೂವು ನಿಚ್ಚಳವಾಗಿ ಮೂಡಿತ್ತು.

ಬಂದಿದೆಯಲ್ಲ, ಇವತ್ತೇ ಕೊನೆ, ಇನ್ನು ಕಳಿಸುವುದಿಲ್ಲ, ಒಂದು ಗಂಟೆಗೆ ಬರುತ್ತೇನೆ ಎಂದು ಅವನು ನಾಹಿದಳಿಗೆ ಹೇಳಿದ. ಹೋಗುವ ಮುಂಚೆ ಬಗ್ಗಿ, ಹೆಂಡತಿಯ ಕಿವಿಯಲ್ಲಿ ತೆಲುಗಿನಲ್ಲಿ ಮೆಲ್ಲಗೆ, ಮನೆಗೆ ಬಾ ಹೇಳ್ತೀನಿ ಎಂದ. ಪಕ್ಕದ ಮೇಜಿನಲ್ಲಿದ್ದ ನಿವೃತ್ತ ಶಿಕ್ಷಕಿ ರಾಮಲಕ್ಷ್ಮಮ್ಮನಿಗೂ ಅದು ಕೇಳಿಸಿತು.

ಗಡಿಯಾರದಲ್ಲಿ ಹನ್ನೊಂದೂವರೆ. ತನ್ನ ಮನೆಯಿಂದ ಈ ಹುಡುಗಿ ಹೊರಟುಹೋದಳೆಂದರೆ ಊರು ಅದಕ್ಕೆ ಯಾವ ಬಣ್ಣ ಕಟ್ಟುತ್ತದೋ ಎಂಬ ಭಯವೂ ನಾಹಿದಳಿಗಿತ್ತು. ಒಳಗೆ ಹೋಗಿ ಅಮ್ಮ ಖತೀಜಾ ಬೀಗೆ ವಿಷಯ ಹೇಳಿದಳು. ಅಮ್ಮ, ಗೌರಿಬಿದನೂರಿಗೆ ನಾನೇ ಬಿಟ್ಟು ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿ, ಪರ್ಸು ತೆಗೆದುಕೊಂಡರು. ಹಿತ್ತಲ ಮೆಟ್ಟಿಲು ಇನ್ನೊಂದು ಓಣಿಗೆ ಇಳಿಯುತ್ತಿತ್ತು.

ತನುಜ ಏಳಲಿಲ್ಲ. ಸಿಕ್ಕಿಬಿದ್ದರೆ ಏನು ಗತಿ ಎಂದಳು. ರಾಮಲಕ್ಷ್ಮಮ್ಮ ಅವಳ ಭುಜ ಹಿಡಿದು ಎಬ್ಬಿಸಿದರು.

“ಇಲ್ಲೇ ಕೂತಿದ್ರೂ ಸಿಕ್ಕಿಬೀಳ್ತೀಯ ಕಣಮ್ಮ. ನಡಿ.”

ತನುಜ, ಖತೀಜಾ ಬೀ ಇಬ್ಬರೂ ಹಿಂದಿನಿಂದ ಇಳಿದು ಹೋದರು. ರಾಮಲಕ್ಷ್ಮಮ್ಮ ಕಿಟಕಿಯ ಬಳಿಗೆ ಕುರ್ಚಿ ಎಳೆದುಕೊಂಡು ಟೀ ಅಂಗಡಿಯ ಮೇಲೆ ಕಣ್ಣಿಟ್ಟರು. ನಾಹಿದ್ ಪಾಠ ಮುಂದುವರಿಸಿದಳು. ಮೂರನೆಯ ಮೇಜಿನಲ್ಲಿ ಬಿಸಿಗಾಳಿ ಹಿಡಿದು ತೋರಿಸುತ್ತಾ ಮೈಮರೆತು ಒಂದು ಕಾರ್ಡನ್ನು ಸೀದುಹಾಕಿದಳು. ಹನ್ನೆರಡೂವರೆಗೆ ಅಮ್ಮನ ಫೋನು ಬಂತು: ಬಸ್ಸು ಶಿಡ್ಲಘಟ್ಟ ದಾಟಿದೆ, ರೂಪಳಿಗೆ ಫೋನು ಮಾಡಿ ಹೇಳಿದ್ದಾಯಿತು, ಹುಡುಗಿ ಸೀಟಿನಲ್ಲಿ ತಲೆ ಬಗ್ಗಿಸಿಕೊಂಡೇ ಕೂತಿದ್ದಾಳೆ.

ಒಂದು ಗಂಟೆಗೆ ಅವನು ಬಂದ. ಮೊದಲ ಮೇಜಿನ ಖಾಲಿ ಕುರ್ಚಿ ನೋಡಿ, ನಾಹಿದಳ ಕಡೆ ತಿರುಗಿದ.

“ಅವಳನ್ನ ಕಳಿಸ್ದೋಳು ನಾನಪ್ಪ,” ಎಂದರು ರಾಮಲಕ್ಷ್ಮಮ್ಮ. “ಏನಿದ್ರೂ ನನ್ನ ಕೇಳು.”

ಅವನು ಒಳಗೆ ನುಗ್ಗಿ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಹುಡುಕಿದ. ತಿರುಗಿ ಬಂದು ನಾಹಿದಳ ಮುಖಕ್ಕೆ ಮುಖ ಕೊಟ್ಟು ನಿಂತ. ಅವನ ಉಸಿರು ಅವಳಿಗೆ ತಾಗುತ್ತಿತ್ತು. ಆಗ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತರು. ಅವನು ಎಲ್ಲರ ಮುಖ ನೋಡಿದ. ನೋಡ್ಕೋತೀನಿ ಎಂದಷ್ಟೇ ಹೇಳಿ ಇಳಿದುಹೋದ. ಬೈಕಿನ ಸದ್ದು ಅಡಗಿದ ಮೇಲೆ ನಾಹಿದ್ ಹೋಗಿ ಬಾಗಿಲಿಗೆ ಚಿಲಕ ಹಾಕಿದಳು.

ಗೌರಿಬಿದನೂರು ಬಸ್ ಸ್ಟ್ಯಾಂಡಿಗೆ ರೂಪ ಬಂದಿದ್ದಳು. ಮರುದಿನ ತನುಜ ಅಕ್ಕನ ಜೊತೆ ಹೋಗಿ ಪೊಲೀಸರಿಗೆ ದೂರು ಬರೆದುಕೊಟ್ಟಳು. ಅವರು ಮುರಳಿಮೋಹನನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಆಮೇಲೂ ಅವನು ಎರಡು ಸಲ ರೂಪಳ ಬೀದಿಗೆ ಬಂದು ನಿಂತಿದ್ದ; ಅಕ್ಕಪಕ್ಕದವರು ಸೇರಿ ಕಳಿಸಿದರು. ತನುಜ ಈಗಲೂ ಒಬ್ಬಳೇ ಹೊರಗೆ ಹೋಗುವುದಿಲ್ಲ. ಆದರೆ ಕಳೆದ ವಾರ ರಾತ್ರಿ ಪೂರ್ತಿ ನಿದ್ದೆ ಬಂತೆಂದು ಫೋನಿನಲ್ಲಿ ಹೇಳಿದಳು.

ನಾಹಿದಳ ತರಗತಿಗೆ ಇಬ್ಬರು ಬರುವುದನ್ನು ಬಿಟ್ಟಿದ್ದಾರೆ, ಮನೆಯವರು ಬೇಡವೆಂದರಂತೆ. ಉಳಿದವರು ಬರುತ್ತಾರೆ. ಓಣಿಯಲ್ಲಿ ಯಾವುದಾದರೂ ಬೈಕು ನಿಂತ ಸದ್ದಾದರೆ ನಾಹಿದ್ ಮಾತು ನಿಲ್ಲಿಸುತ್ತಾಳೆ. ರಾಮಲಕ್ಷ್ಮಮ್ಮ ಎದ್ದು ಕಿಟಕಿಗೆ ಹೋಗಿ ನೋಡಿ, ಯಾರೋ ಬೇರೆಯವರು ಎಂದು ತಲೆಯಾಡಿಸುತ್ತಾರೆ.